ಹಾಳೆಯ ಇನ್ನೊಂದು ಮಗ್ಗುಲು

ಜ್ಯೋತಿಲಕ್ಷ್ಮಿಯ ಬಗ್ಗೆ ನಮ್ಮ ಚಂದ್ರಾ ಲೇಔಟಿನಲ್ಲಿ ಈಗ ಏನೇನೋ ಮಾತು. ಆಡಿಕೊಳ್ಳಲಿ. ನಾಲ್ಕು ವರ್ಷದಿಂದ ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹೆಂಗಸು ಅವಳು, ಅವರಿಗಿಂತ ನನಗೆ ಚೆನ್ನಾಗಿ ಗೊತ್ತು. ಊರ ಬಾಯಿಗೆ ಬೀಗ ಹಾಕುವ ಕೆಲಸ ನನ್ನದಲ್ಲ. ಆದರೆ ಗೊತ್ತಿದ್ದೂ ಸುಮ್ಮನಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ವಯಸ್ಸು ನಲವತ್ತನಾಲ್ಕು. ಕೆಂಗೇರಿ ಕಡೆಯ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಬಾಗಿಲಲ್ಲಿ ನೇತಾಡುವ ಕಾಲೇಜು ಹುಡುಗರನ್ನು ಒಂದೇ ಕೂಗಿಗೆ ಒಳಗೆ ಸೇರಿಸುವಂಥ ಗಂಟಲು. "ಮೇಲೆ ಬಾ ಗುರು, ನಿಮ್ಮಮ್ಮಂಗೆ ನಾನು ಉತ್ತರ ಹೇಳ್ಲಾ?" ಎಂದು ಅವಳು ಗದರಿದ್ದನ್ನು ನಾನೇ ಕೇಳಿದ್ದೇನೆ.

ಮೊದಲ ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ಒಂಬತ್ತು ವರ್ಷ. ಮೂರು ಸಲ ತವರಿಗೆ ಓಡಿಬಂದಳು, ಮೂರು ಸಲವೂ ಅಣ್ಣ ಸಿದ್ದೇಶ್ ಬುದ್ಧಿ ಹೇಳಿ ವಾಪಸ್ ಕಳಿಸಿದ. ನಾಲ್ಕನೇ ಸಲ ಅವಳು ತವರಿಗೆ ಹೋಗಲಿಲ್ಲ, ಕೋರ್ಟಿಗೆ ಹೋದಳು. ಆಮೇಲೆ ಸಿಕ್ಕವನು ಮಹದೇವ್. ಮಿಕ್ಸಿ ರಿಪೇರಿ ಅಂಗಡಿಯವನು, ಎರಡು ಮಾತಾಡಿ ಮೂರನೆಯದಕ್ಕೆ ತಡವರಿಸುವ ಪ್ರಾಣಿ. ರಿಜಿಸ್ಟರ್ ಮದುವೆಯಾದರು.

ಶ್ರಾವಣದ ಮೊದಲ ಭಾನುವಾರ ಬೆಳಿಗ್ಗೆ ಸಿದ್ದೇಶ್ ತನ್ನ ಗೃಹಪ್ರವೇಶದ ಪತ್ರಿಕೆ ಕೊಡಲು ಬಂದಿದ್ದ. ಅಂಗಿಯ ಮೇಲೆ ಕಾಫಿ ಚೆಲ್ಲಿತಂತೆ, ಟವೆಲಿಗೆಂದು ತಾನೇ ಹೋಗಿ ಬೀರು ತೆಗೆದನಂತೆ. ಬೀರುವಿನ ಬಾಗಿಲ ಒಳಗಡೆ ಒಂದು ಹಾಳೆ, ಪಕ್ಕದಲ್ಲಿ ಒಂದು ಬೆತ್ತ. ಅವನ ಕಿರುಚಾಟ ಕೇಳಿ ನಾನು ಸಾರಿನ ಒಲೆ ಆರಿಸಿ ಮೇಲಕ್ಕೆ ಓಡಿದೆ.

ಒಂದು ಕೈಯಲ್ಲಿ ಮಹದೇವನ ಕಾಲರ್ ಹಿಡಿದಿದ್ದ, ಇನ್ನೊಂದರಲ್ಲಿ ಹಾಳೆ. "ಓದಿ ಆಂಟಿ. ನನ್ನ ತಂಗೀನ ಏನು ಮಾಡಿಟ್ಟಿದಾನೆ ನೋಡಿ," ಎಂದು ನನ್ನ ಮುಖಕ್ಕೆ ಹಿಡಿದ.

ಡ್ಯೂಟಿ ಇದ್ದ ದಿನ ಊಟ ಬಿಡಬಾರದು. ಬಿಪಿ ಮಾತ್ರೆ ಮರೆಯಬಾರದು. ಡಿಪೋ ಜಗಳವನ್ನು ಮನೆಯೊಳಗೆ ತರಬಾರದು. ತಪ್ಪಿದರೆ ಶನಿವಾರ ಮೊಣಕಾಲೂರಿ ಕೂರಬೇಕು, ಬೆತ್ತ ಆರು. ಹೀಗಿತ್ತು ಅದರಲ್ಲಿ. ಸುಳ್ಳೇಕೆ ಹೇಳಲಿ, ಅಯ್ಯೋ ಪಾಪಿ, ನೀನೂ ಇಂಥವನೇನೋ ಎಂದು ಮಹದೇವನ ಮುಖಕ್ಕೆ ಉಗಿಯಬೇಕು ಅನಿಸಿತು.

ಜ್ಯೋತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. "ಕಾಲರ್ ಬಿಡಣ್ಣ. ಅದನ್ನ ಬರೆದೋಳು ನಾನು."

"ಹೆದರಿಸಿ ಬರೆಸಿದಾನೆ."

"ನನ್ನ ಹೆದರಿಸೋದು ಇವರ ಕೈಲಾಗುತ್ತಾ? ಹಾಳೆ ತಿರುಗಿಸು. ಒಂದೇ ಮಗ್ಗುಲು ಓದ್ಕೊಂಡು ನ್ಯಾಯ ಹೇಳೋಕೆ ಬಂದ್ಯಲ್ಲ."

ಅವನು ತಿರುಗಿಸಲಿಲ್ಲ. ನಾನು ಕಿತ್ತುಕೊಂಡು ತಿರುಗಿಸಿದೆ. ಅಲ್ಲಿ ಮಹದೇವನ ಸೊಟ್ಟ ಅಕ್ಷರ. ಕೋಪ ಇದ್ದ ದಿನ ಬೆತ್ತ ಮುಟ್ಟುವುದಿಲ್ಲ. ಅವಳನ್ನು ಕೇಳದೆ ಶುರು ಮಾಡುವುದಿಲ್ಲ. ಅವಳು ನಾಯಂಡಹಳ್ಳಿ ಅಂದ ತಕ್ಷಣ ನಿಲ್ಲಿಸುತ್ತೇನೆ, ಯಾಕೆಂದು ಕೇಳುವುದಿಲ್ಲ. ಮುಗಿದ ಮೇಲೆ ಅವಳು ಎದ್ದು ಹೋಗು ಅನ್ನುವವರೆಗೆ ಪಕ್ಕದಲ್ಲೇ ಕೂತಿರುತ್ತೇನೆ. ಕೆಳಗೆ ತಿಂಗಳು ತಿಂಗಳೂ ಇಬ್ಬರ ಸಹಿ. ಒಬ್ಬರು ಹಾಕದಿದ್ದರೂ ಆ ತಿಂಗಳು ಏನೂ ಇಲ್ಲವೆಂದು ಬರೆದಿತ್ತು. ಮೇ ತಿಂಗಳಲ್ಲಿ ಅವಳದಿತ್ತು, ಅವನದಿರಲಿಲ್ಲ.

"ಇದೇನೇ ಇದು ನಾಯಂಡಹಳ್ಳಿ?" ಎಂದೆ.

"ನಮ್ಮ ಬಸ್ ರೂಟಿನ ಸ್ಟಾಪು ಆಂಟಿ. ಬೇಡ, ಸಾಕು ಅನ್ನೋದು ಆ ಹೊತ್ತಲ್ಲಿ ಬಾಯಿಗೆ ಸುಮ್ನೆ ಬಂದ್ಬಿಡುತ್ತೆ. ನಾಯಂಡಹಳ್ಳಿ ಅಂತ ಯಾರಿಗೂ ಸುಮ್ನೆ ಬರಲ್ಲ." ಅಂಥ ಹೊತ್ತಿನಲ್ಲೂ ನನಗೆ ನಗು ಬಂತು.

"ಮೇ ತಿಂಗಳು ನಾನೇ ಸಹಿ ಹಾಕ್ಲಿಲ್ಲ," ಎಂದ ಮಹದೇವ್, ಕಾಲರ್ ಸರಿಮಾಡಿಕೊಳ್ಳುತ್ತಾ. "ಪಕ್ಕದ ಅಂಗಡಿಯೋನ ಜೊತೆ ಜಗಳ ಆಡ್ಕೊಂಡು ಬಂದು ಬೆತ್ತಕ್ಕೆ ಕೈ ಹಾಕಿದ್ದೆ. ಅದು ಅವನ ಮೇಲಿನ ಸಿಟ್ಟು. ಇವಳ ಮೇಲೆ ತೋರಿಸಿದ್ರೆ ನಾನೂ ಆ ಮೊದಲನೆಯವನೇ ಆಗ್ತಿದ್ದೆ."

"ಥೂ," ಎಂದ ಸಿದ್ದೇಶ್. "ಹೊಡೆಸ್ಕೊಳ್ಳೋದು ಇಷ್ಟ ಅನ್ನೋಳಿಗೆ ಅವನು ಏನು ಕಮ್ಮಿ ಮಾಡಿದ್ದ?"

ಜ್ಯೋತಿಯ ಮುಖ ಬಿಳಿಚಿತು. ದನಿ ಮಾತ್ರ ಬಸ್ಸಿನದೇ. "ಅವನು ನನ್ನ ಹಲ್ಲು ಮುರಿದ ದಿನ ಸಾಕು ಅಂದೆ. ಕಾಲು ಹಿಡ್ಕೊಂಡೆ. ನಿಲ್ಲಿಸಲಿಲ್ಲ. ನಿನ್ನ ಹತ್ರ ಬಂದೆ, ಅಡ್ಜಸ್ಟ್ ಮಾಡ್ಕೋ ಅಂತ ನೀನೇ ಬಸ್ ಹತ್ತಿಸಿದೆ. ನಿನಗೇನು ಬೇಕು ಜ್ಯೋತಿ ಅಂತ ಅವನು ಕೇಳಿದ್ನಾ? ನೀನು ಕೇಳಿದ್ಯಾ? ದಿನವಿಡೀ ಬಸ್ಸಿನ ತುಂಬ ಜನರನ್ನ ಹಿಡಿತದಲ್ಲಿ ಇಟ್ಕೋತೀನಿ ನಾನು. ವಾರಕ್ಕೊಂದು ಗಂಟೆ ಆ ಹಿಡಿತ ಇವರ ಕೈಗೆ ಕೊಡ್ತೀನಿ. ಬೇಡ ಅನ್ಸಿದಾಗ ವಾಪಸ್ ತಗೋತೀನಿ. ನನಗದು ಇಷ್ಟ. ಅದಕ್ಕೆ ನಾನು ತಲೆ ತಗ್ಗಿಸಲ್ಲ."

ಸಿದ್ದೇಶ್ ನನ್ನ ಕಡೆ ತಿರುಗಿದ. "ಮರ್ಯಾದಸ್ಥರ ಮನೆ ಆಂಟಿ ನಿಮ್ಮದು. ಇವರನ್ನ ಖಾಲಿ ಮಾಡ್ಸಿ. ಇಲ್ಲಾಂದ್ರೆ ಬೀದಿಗೆಲ್ಲ ನಾನೇ ಹೇಳ್ತೀನಿ." ದಡದಡನೆ ಮೆಟ್ಟಿಲಿಳಿದು ಹೋದ.

"ಬೇರೆ ಮನೆ ನೋಡ್ಕೋಬೇಕಾ ಆಂಟಿ?" ಎಂದಳು ಜ್ಯೋತಿ. ಆಗ ಅವಳ ದನಿ ಇಳಿದಿತ್ತು. ಮದುವೆಯಾದ ಮೇಲೆ ಅವರು ಕಟ್ಟಿಕೊಂಡ ಮೊದಲ ಸಂಸಾರ ಆ ಎರಡು ರೂಮಿನಲ್ಲಿತ್ತು. ನಮ್ಮ ಮನೆಯಲ್ಲಿ ಇಂಥದಕ್ಕೆಲ್ಲ ಉತ್ತರ ಹೇಳುವುದು ನಾನಲ್ಲ. ನಾಚಿಕೆಯಿಂದ ಕೆಳಗಿಳಿದು ಬಂದೆ.

ಸಿದ್ದೇಶ್ ನಮ್ಮ ಯಜಮಾನರ ಕಿವಿ ತುಂಬಿಯೇ ಹೋಗಿದ್ದ. ಪದ್ಮನಾಭ ಎಂದರೆ ಅಪರಂಜಿ ಎನ್ನುತ್ತದೆ ಇಡೀ ಬೀದಿ. ನಿಜ, ಮೂವತ್ತೆರಡು ವರ್ಷದಲ್ಲಿ ನನ್ನ ಮೇಲೆ ಒಂದು ದಿನವೂ ಕೈ ಎತ್ತಿಲ್ಲ, ದನಿಯೂ ಎತ್ತಿಲ್ಲ. ಮಗಳ ಕಾಲೇಜಿನಿಂದ ಹಿಡಿದು ನಾನು ನಿಂತು ಬೇಯಿಸುವ ಅಡುಗೆಮನೆಯ ಟೈಲ್ಸಿನವರೆಗೆ ಎಲ್ಲವನ್ನೂ ಅವರೇ ತೀರ್ಮಾನಿಸಿದ್ದಾರೆ, ಅಷ್ಟೇ.

"ತಿಂಗಳ ಕೊನೆಗೆ ಖಾಲಿ ಮಾಡಿ ಅಂತ ಹೇಳ್ಬಿಡು ಅವರಿಗೆ," ಎಂದರು ಪೇಪರಿನ ಹಿಂದಿನಿಂದ.

"ನನ್ನ ಕೇಳಿದ್ರಾ?"

"ಇದರಲ್ಲಿ ನಿನ್ನ ಕೇಳೋದೇನಿದೆ?"

ಕೊಂಕಿನಿಂದ ಹೇಳಿದ್ದಲ್ಲ. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ಅದಕ್ಕೇ ನನಗೆ ಮೈ ಉರಿದುಹೋಯಿತು.

"ಈ ಮನೆ ನಮ್ಮಪ್ಪ ನನ್ನ ಹೆಸರಿಗೆ ಬರೆದಿದ್ದು ರೀ. ಅವರು ಎಲ್ಲೂ ಹೋಗಲ್ಲ. ಆ ಸಿದ್ದೇಶ್ ಬೀದಿಗೆ ಹೇಳ್ಕೊಳ್ಳಲಿ, ನಾನೂ ಬೀದೀಲೇ ನಿಂತು ಉತ್ತರ ಕೊಡ್ತೀನಿ."

ಅವರು ಪೇಪರ್ ಕೆಳಗಿಟ್ಟು ನನ್ನನ್ನೇ ನೋಡಿದರು, ಯಾರೋ ಹೊಸಬಳು ಮನೆಯೊಳಗೆ ಬಂದಳೇನೋ ಎಂಬಂತೆ. "ಸರಿ. ನಿನಗೇನನ್ಸುತ್ತೆ, ಹೇಳು ಸೀತಾ," ಎಂದರು.

ಊಟದ ಹೊತ್ತಿನವರೆಗೂ ಹೇಳಿದೆ.