ತಿರುಗದ ಮೂರನೇ ಚಕ್ರ

ನಮ್ಮನೆಯವರ ಕೈ ಸುಮ್ಮನಿರುವುದಿಲ್ಲ. ಊಟಕ್ಕೆ ಕೂತರೂ ಚಮಚದ ಹಿಡಿ ಸಡಿಲವಾಗಿದೆಯೇ ಎಂದು ಅಲ್ಲಾಡಿಸಿ ನೋಡುವ ಜಾತಿ. ಮೂವತ್ತು ವರ್ಷದಿಂದ ವಾಚ್ ರಿಪೇರಿ. ಈಗ ಅಂಗಡಿಗೆ ಬರುವವರು ಬ್ಯಾಟರಿ ಹಾಕಿಸಿಕೊಂಡು ಹೋಗುತ್ತಾರೆ, ಅಷ್ಟೇ. ಉಳಿದ ಹೊತ್ತೆಲ್ಲ ಇವರಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ.

ಹಾಗಾಗಿ ಈ ಹುಚ್ಚು ಹತ್ತಿತು. ಸ್ಟೀಮ್‌ಪಂಕ್ ಅನ್ನುತ್ತಾರೆ. ಜಗತ್ತು ಉಗಿಯಂತ್ರದ ಕಾಲದಲ್ಲೇ ನಿಂತಿದ್ದರೆ ಜನ ಏನು ತೊಡುತ್ತಿದ್ದರು, ಏನು ಹಿಡಿದು ಓಡಾಡುತ್ತಿದ್ದರು ಎಂದು ಊಹಿಸಿ, ಹಿತ್ತಾಳೆ, ಚರ್ಮ, ಹಲ್ಲುಚಕ್ರ ಸೇರಿಸಿ ಕೈಯಾರೆ ಮಾಡುವುದು. ವರ್ಷಕ್ಕೊಮ್ಮೆ ಪ್ರದರ್ಶನ. ಮನೆಯ ಅಲಾರಂ ಗಡಿಯಾರ ಹೋಯಿತು, ಬಾಗಿಲಿನ ಹಿಡಿ ಹೋಯಿತು. ನಾನು ಟೈಲರ್. ಈಗ ಹೊಲಿಯುವುದು ಮೋಟಾರ್ ಯಂತ್ರದಲ್ಲಿ, ಆದರೂ ಅಮ್ಮ ಕೊಟ್ಟ ಹಳೆಯ ಕೈಯಂತ್ರದ ಹಲ್ಲುಚಕ್ರಗಳ ಮೇಲೆ ಇವರ ಕಣ್ಣು ಬಿದ್ದ ದಿನ ಕತ್ತರಿ ಹಿಡಿದು ನಿಂತೆ. "ಅದನ್ನ ಮುಟ್ಟಿ ನೋಡೋಣ!"

ಹೋದ ವರ್ಷ ಒಂದು ಟೋಪಿ ಮಾಡಿದ್ದರು. ಈ ಹುಚ್ಚಿನವರ ಗುಂಪಿಗೆ ದೊಡ್ಡ ತಲೆ ಎಂದರೆ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಅವರು ಟೋಪಿಯ ಚಕ್ರವನ್ನು ಪೆನ್ಸಿಲ್‌ನಿಂದ ತಳ್ಳಿ, "ತಿರುಗಲ್ವಾ? ಬರೀ ಅಂಟಿಸಿದ್ದಾ?" ಎಂದರು. ಸುತ್ತಲಿದ್ದವರು ನಕ್ಕರು. ಆ ಮಂದಿಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅದೂ ವಾಚ್ ರಿಪೇರಿಯವರಿಗೆ! ನನಗೂ ರೇಗಿತು.

ಈ ವರ್ಷ ರೆಕ್ಕೆ. ಕೊಡೆಯ ಕಡ್ಡಿಗಳ ಮೇಲೆ ನಾನು ಹೊಲಿದ ಚರ್ಮ, ಎದೆಯ ಮೇಲೆ ಮೂರು ಚಕ್ರ. ಹಿಡಿ ತಿರುವಿದರೆ ಬೆನ್ನಿನ ಮೇಲೆ ರೆಕ್ಕೆ ಬಿಚ್ಚಿಕೊಳ್ಳಬೇಕು. ಚಕ್ರಗಳ ಜಾಗವನ್ನು ಸೀಮೆಸುಣ್ಣದಲ್ಲಿ ಗೀಚಿಕೊಟ್ಟವಳು ನಾನು: ದೊಡ್ಡದು, ಅದಕ್ಕಿಂತ ಸಣ್ಣದು, ಪುಟ್ಟದು, ಮೂರೂ ಒಂದಕ್ಕೊಂದು ತಾಗಿಕೊಂಡು. ನೋಡಲು ಚೆಂದವಾಗಿತ್ತು. ಇವರು ಎರಡೆರಡನ್ನೇ ಕೂರಿಸಿ ಪರೀಕ್ಷಿಸಿದರು, ತಿರುಗಿದವು. ಪುಟ್ಟದಕ್ಕೆ ಪಾಲಿಷ್ ಹಾಕುತ್ತಾ ಹಾಕುತ್ತಾ ಪ್ರದರ್ಶನದ ಬೆಳಗೇ ಬಂತು.

ಸಭಾಂಗಣದ ಮೂಲೆಯಲ್ಲಿ, ಐವತ್ತು ದಾಟಿದ ನಾನು ರೆಕ್ಕೆ ತೊಟ್ಟು ನಿಂತೆ. ಮೂರನೆಯದನ್ನು ಕೂರಿಸಿದರು. ಹಿಡಿ ಅಲುಗಲಿಲ್ಲ. ಎಣ್ಣೆ ಬಿಟ್ಟರು, ಅರದಿಂದ ಉಜ್ಜಿದರು, ಬೆವೆತರು. ಕೊನೆಗೆ ಗಾಳಿಯಲ್ಲಿ ಬೆರಳು ಸುತ್ತಿಸಿ ಹಣೆ ಚಚ್ಚಿಕೊಂಡರು.

"ಇದು ಬಲಕ್ಕೆ, ಇದು ಎಡಕ್ಕೆ. ಪುಟ್ಟದು ಎತ್ತ ತಿರುಗ್ಬೇಕು ಹೇಳು? ಒಂದು ಎಡಕ್ಕೆ ಎಳೆಯತ್ತೆ, ಇನ್ನೊಂದು ಬಲಕ್ಕೆ. ಮೂರೂ ತಾಗಿದ್ರೆ ಯಾವ್ದೂ ತಿರುಗಲ್ಲ ಕಣೇ!"

ಫಿಟ್ಟರ್ ಎರಡು ಮೇಜಿನಾಚೆ ಇದ್ದರು. ಚೀಲದಿಂದ ಅಂಟಿನ ಟ್ಯೂಬ್ ತೆಗೆದೆ. "ಪುಟ್ಟದನ್ನ ಸ್ವಲ್ಪ ಆಚೆ ಅಂಟಿಸಿಬಿಡಿ, ಯಾರು ನೋಡ್ತಾರೆ?"

ಇವರು ನೋಡಿದ ನೋಟಕ್ಕೆ ಟ್ಯೂಬ್ ತೆಪ್ಪಗೆ ಚೀಲ ಸೇರಿತು. ಪುಟ್ಟ ಚಕ್ರವನ್ನು ಬಿಚ್ಚಿ ನನ್ನ ಕೈಗಿಟ್ಟರು. ಅದು ಕೂರಬೇಕಿದ್ದ ಗೂಟ ಬೋಳಾಗಿ ಉಳಿಯಿತು.

ಫಿಟ್ಟರ್ ಬಂದರು. ಹಿಡಿ ತಿರುವಿದೆ. ರೆಕ್ಕೆ ಬಿಚ್ಚಿಕೊಂಡ ರಭಸಕ್ಕೆ ಪಕ್ಕದ ಮೇಜಿನ ಟೋಪಿಯೊಂದು ಕೆಳಗೆ ಬಿತ್ತು. ಅವರು ಟೋಪಿಯನ್ನು ನೋಡಲಿಲ್ಲ. ಪೆನ್ಸಿಲ್ಲನ್ನು ಬೋಳು ಗೂಟಕ್ಕೆ ಮುಟ್ಟಿಸಿದರು. "ಇಲ್ಲೇನು ಕಥೆ?"

"ನಂದೇ ತಪ್ಪು ಸಾರ್. ಮೂರನ್ನೂ ತಾಗಿಸಿಬಿಟ್ಟಿದ್ದೆ," ಎಂದರು ಇವರು.

"ಇಷ್ಟು ವರ್ಷ ವಾಚ್ ಬಿಚ್ಚಿದೋರು, ಇದರಲ್ಲಿ ತಪ್ಪಿದ್ರಾ?"

ಮತ್ತೆ ನಗು. "ಹೂಂ, ತಪ್ಪಿದೆ," ಎಂದರು ಇವರು. ಸೀಮೆಸುಣ್ಣದ ಸುದ್ದಿಯನ್ನೇ ಎತ್ತಲಿಲ್ಲ. ಮುಷ್ಟಿಯಲ್ಲಿದ್ದ ಚಕ್ರದ ಹಲ್ಲು ನನ್ನ ಅಂಗೈಗೆ ಚುಚ್ಚುತ್ತಿತ್ತು. ಇವರ ಮೇಲೆ ಇಷ್ಟು ಪ್ರೀತಿ ಉಕ್ಕಿ ಎಷ್ಟು ಕಾಲವಾಗಿತ್ತೋ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶತಪಥ ತಿರುಗತೊಡಗಿದರು. "ನಾಲ್ಕಿದ್ರೆ ತಿರುಗತ್ತೆ ಕಣೇ, ಎರಡು ಬಲಕ್ಕೆ, ಎರಡು ಎಡಕ್ಕೆ. ಇನ್ನೊಂದು ಬೇಕು, ಇಷ್ಟಗಲದ್ದು." ಎರಡು ಬೆರಳು ಅಗಲಿಸಿ ತೋರಿಸಿದರು. ಆ ಅಳತೆಯದು ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಆ ಕಡೆ ನೋಡದಿರಲು ಇವರು ಪಡುತ್ತಿದ್ದ ಪಾಡು ನೋಡಲಾಗಲಿಲ್ಲ.

ನಾನೇ ಹೋಗಿ ಅಮ್ಮನ ಯಂತ್ರದ ಹೊದಿಕೆ ತೆಗೆದೆ.

"ಸ್ಕ್ರೂಡ್ರೈವರ್ ತನ್ನಿ," ಎಂದೆ.