ನೊಂದ ಗೃಹಿಣಿಯ ಗಂಡ

ಕಚೇರಿಯಲ್ಲಿ ಅವನನ್ನು ಎಲ್ಲರೂ ಆಕ್ರೋಶಣ್ಣ ಎಂದೇ ಕರೆಯುತ್ತಿದ್ದರು. ಹಾಗೆಂದು ಅವನೇನು ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಮನುಷ್ಯನಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ‘ಸಾರಿ’ ಎನ್ನುವಷ್ಟು ಸಾಧು. ಆದರೆ ಒಂದು ಸುದ್ದಿವಾಹಿನಿಯ ಜಾಲತಾಣದಲ್ಲಿ ಊರಿನವರ ಕೋಪವನ್ನೆಲ್ಲ ಗುಡ್ಡೆ ಹಾಕಿಕೊಡುವುದು ಅವನ ಉದ್ಯೋಗವಾಗಿತ್ತು. ಹೆಸರಾಂತವರು ಯಾರಾದರೂ ಬಾಯಿಗೆ ಬಂದದ್ದು ಆಡಿದರೆ, ಆ ಮಾತನ್ನು ವರದಿ ಮಾಡಲು ಬೇರೆಯವರಿದ್ದರು; ಅದಕ್ಕೆ ಜನ ಹೇಗೆ ಉರಿದುಬಿದ್ದರು ಎಂದು ಬರೆಯುವುದು ಇವನ ಪಾಲು.

ತೊಡಕೇನೆಂದರೆ, ಜನ ಅಷ್ಟು ಬೇಗ ಉರಿದುಬೀಳುವುದಿಲ್ಲ. ಅವರಿಗೆ ಅವರವರ ಕೆಲಸ ಇರುತ್ತದೆ. ಅವರು ಊಟ ಮುಗಿಸಿ, ಫೋನು ತೆಗೆದು, ಓದಿ, ಸಿಟ್ಟು ಬರುವಷ್ಟು ಹೊತ್ತು ಕಾಯುವ ವ್ಯವಧಾನ ಕಚೇರಿಗೆ ಇರಲಿಲ್ಲ. ಅದಕ್ಕೇ ಆಕ್ರೋಶಣ್ಣ ಮನೆಯಂಗಳದಲ್ಲಿ ಸೊಪ್ಪು ಬೆಳೆದುಕೊಂಡ ಹಾಗೆ ತನ್ನದೇ ಒಂದಷ್ಟು ಓದುಗರನ್ನು ಬೆಳೆಸಿಕೊಂಡಿದ್ದ. ಅವರಲ್ಲಿ ‘ನಿವೃತ್ತ ಮೇಷ್ಟ್ರು’ ಎಲ್ಲದಕ್ಕೂ ಸಂಸ್ಕೃತಿ ಹಾಳಾಯಿತು ಎನ್ನುತ್ತಿದ್ದರು. ‘ನೇರನುಡಿ’ ಎಂಬಾತ ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದ. ಒಮ್ಮೆ ಯಾವನೋ ಗಾಯಕನ ವಿಷಯಕ್ಕೆ ಈ ಇಬ್ಬರೂ ಮಧ್ಯಾಹ್ನವೆಲ್ಲ ಕಿತ್ತಾಡಿದ್ದರು; ಕೊನೆಗೆ ಯಾರದು ಸರಿ ಎಂದು ಇಬ್ಬರ ಮಾತನ್ನೂ ಬರೆದ ಅವನಿಗೇ ಗೊತ್ತಾಗಿರಲಿಲ್ಲ. ಮೂರನೆಯವಳು ‘ನೊಂದ ಗೃಹಿಣಿ’. ಅವಳು ಅಪರೂಪಕ್ಕೆ ಬರುತ್ತಿದ್ದಳು, ಬಂದರೆ ಒಂದೆರಡು ಸಾಲು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದಳು.

ಅವಳಿಗೆ ಶುಕ್ರದೆಸೆ ತಿರುಗಿದ್ದು ಧಾರಾವಾಹಿಯ ನಟಿಯೊಬ್ಬಳು ಬಾಯಿ ಜಾರಿದ ದಿನ. ಮನೆಮನೆಗೆ ಅಚ್ಚುಮೆಚ್ಚಾಗಿದ್ದ ಆ ನಟಿ ಸಂದರ್ಶನವೊಂದರಲ್ಲಿ ನಕ್ಕು, “ಹಗಲೆಲ್ಲ ಮನೇಲಿ ಸುಮ್ನೆ ಕೂತಿರೋ ಹೆಂಗಸರಿಗೆ ಅಳೋಕೆ ಏನಾದ್ರೂ ಬೇಕಲ್ಲ, ಅದಕ್ಕೇ ನಾನಿರೋದು” ಎಂದುಬಿಟ್ಟಳು. ಎದುರಿಗೆ ಕೂತವನೂ ನಕ್ಕಿದ್ದ. ಆ ನಗುವನ್ನು ಮಾತ್ರ ಸುದ್ದಿಯವರೆಲ್ಲ ಜಾಣತನದಿಂದ ಕತ್ತರಿಸಿ ತೆಗೆದರು.

“ಆಕ್ರೋಶಣ್ಣ, ಹೆಂಗಸರು ಸಿಡಿದೇಳ್ಬೇಕು, ಬೇಗ!” ಎಂದು ಡೆಸ್ಕಿನ ಮುಖ್ಯಸ್ಥರು ಗಾಜಿನ ಕೋಣೆಯಿಂದಲೇ ಕೂಗಿದರು.

ಹೆಂಗಸರು ಇನ್ನೂ ಸಿಡಿದೆದ್ದಿರಲಿಲ್ಲ, ಅಡುಗೆ ಮಾಡುತ್ತಿದ್ದರು. ಆಕ್ರೋಶಣ್ಣ ನೊಂದ ಗೃಹಿಣಿಯಾಗಿ ಕೂತ. ಎರಡು ಸಾಲು ಬರೆಯಬೇಕೆಂದು ಕೂತವನಿಗೆ ಅಂದು ಏನಾಯಿತೋ, ಬೆರಳು ನಿಲ್ಲಲಿಲ್ಲ. “ತಂಗೀ, ನಾನು ಸುಮ್ಮನೆ ಕೂತವಳಲ್ಲ. ಸಂಜೆ ಹೊತ್ತಿಗೆ ನನ್ನ ಕಾಲು ಊದಿಕೊಂಡು ಚಪ್ಪಲಿಗೆ ತೂರುವುದಿಲ್ಲ. ಎಲ್ಲರದೂ ಊಟ ಆದ ಮೇಲೆ ತಣ್ಣಗಾದದ್ದು ನನ್ನ ಪಾಲಿಗೆ. ಗಂಡ ಬಂದವರು ಚಪ್ಪಲಿ ಬಿಡುತ್ತಲೇ ‘ಇಡೀ ದಿನ ಏನ್ಮಾಡ್ದೆ?’ ಅನ್ನುತ್ತಾರೆ. ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಅದಕ್ಕೆ ನಿನ್ನ ಧಾರಾವಾಹಿ ಬೇಕಿಲ್ಲ.” ಬರೆದು ಮುಗಿಸಿ ಎರಡು ಸಲ ಓದಿದ. ತನ್ನ ಕೈಚಳಕಕ್ಕೆ ತಾನೇ ತಲೆದೂಗಿದ. ಇದೆಲ್ಲ ತನಗೆ ಎಲ್ಲಿಂದ ಹೊಳೆಯಿತು ಎಂದು ಅವನು ಕೇಳಿಕೊಳ್ಳಲಿಲ್ಲ.

ಮಧ್ಯಾಹ್ನ ಅಡುಗೆ ಮುಗಿದ ಮೇಲೆ ಹೆಂಗಸರು ನಿಜವಾಗಿಯೇ ಬಂದರು. ನಟಿಯನ್ನು ಬಯ್ಯಲು ಬಂದವರು ಕಡಿಮೆ. ನೊಂದ ಗೃಹಿಣಿಯ ಜೊತೆ ಮಾತಾಡಲು ಬಂದವರೇ ಹೆಚ್ಚು. ಅಕ್ಕಾ, ಅಮ್ಮಾ, ತಂಗೀ ಎಂದು ಒಬ್ಬೊಬ್ಬರೂ ತಮ್ಮ ಮನೆಯ ಕತೆ ತೋಡಿಕೊಂಡರು. ಆಕ್ರೋಶಣ್ಣ ಅದರಲ್ಲಿ ಚೆನ್ನಾಗಿರುವುದನ್ನು ಹೆಕ್ಕಿ ಎರಡನೇ ಸುದ್ದಿ ಕಟ್ಟತೊಡಗಿದ. ಒಂದು ಬರಹ ಕಣ್ಣಿಗೆ ಬಿದ್ದದ್ದೇ ಎತ್ತಿ ತಲೆಬರಹಕ್ಕೆ ಹಾಕಿದ: “ಅಕ್ಕಾ, ನೀವು ಬರ್ದಿದ್ದು ಓದಿ ಒಲೆ ಆರಿಸಿ ಕೂತುಬಿಟ್ಟೆ. ನಮ್ಮನೇಲೂ ಇದೇ ಕತೆ. ಆದ್ರೆ ನಮ್ಮನೆಯವರು ಕೆಟ್ಟವರಲ್ಲ. ಪಾಪ, ಅವರಿಗೆ ಇದೆಲ್ಲ ಗೊತ್ತಾಗಲ್ಲ ಅಂತ ಸಮಾಧಾನ ಮಾಡ್ಕೊಂಡಿದೀನಿ.”

ಪ್ರಕಟಿಸುವ ಗುಂಡಿ ಒತ್ತಿದ ಮೇಲೆ ಆ ಹೆಂಗಸಿನ ಪುಟ್ಟ ಚಿತ್ರದ ಕಡೆ ನೋಡಿದ. ಮುಖದ ಬದಲು ಕಿಟಕಿಯಲ್ಲಿಟ್ಟ ಒಂದು ಗಿಡ. ಒಡೆದ ಪಿಂಗಾಣಿ ಬಟ್ಟಲಲ್ಲಿ ನೆಟ್ಟ ಗಿಡ. ಆ ಬಟ್ಟಲು ಒಡೆದದ್ದು ಅವನ ಕೈಯಿಂದಲೇ.

ಅವನ ಹೆಂಡತಿ.

ಆ ಸಾಲನ್ನು ತೆಗೆದುಬಿಡಬೇಕೆನಿಸಿತು. ಆದರೆ ಅಷ್ಟರಲ್ಲಿ ಸುದ್ದಿ ಕುದುರೆಯಂತೆ ಓಡುತ್ತಿತ್ತು, ಓಡುವ ಸುದ್ದಿಯ ಕಾಲು ಮುರಿಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಬಿಟ್ಟುಬಿಟ್ಟ. ಸಂಜೆ ಮನೆಗೆ ಹೋಗಿ, ಬಾಯಿತಪ್ಪಿ, “ಇಡೀ ದಿನ ಏನ್ಮಾಡ್ದೆ?” ಎಂದೂ ಕೇಳಿದ.

ಮರುದಿನ ನೊಂದ ಗೃಹಿಣಿ ಊರೂರಿಗೂ ಸುದ್ದಿಯಾಗಿದ್ದಳು. ಒಂದು ಜಾಲತಾಣ ‘ತಾರೆಯ ಬೆವರಿಳಿಸಿದ ತಾಯಿ’ ಎಂದಿತು. ಮತ್ತೊಂದು ‘ಯಾರು ಈ ನೊಂದ ಗೃಹಿಣಿ? ಇಲ್ಲಿದೆ ಸಂಪೂರ್ಣ ಮಾಹಿತಿ’ ಎಂದು ಉದ್ದಕ್ಕೆ ಬರೆದು, ಕೊನೆಯಲ್ಲಿ ಮಾಹಿತಿ ಲಭ್ಯವಿಲ್ಲ ಎಂದಿತು. ಒಬ್ಬ ಬ್ಲಾಗಿನವನಂತೂ ಅವಳ ಗಂಡ ಕುಡುಕನೆಂದೂ, ಆಕೆ ಹಿಂದೆ ನೃತ್ಯ ಕಲಿತಿದ್ದಳೆಂದೂ ಆಪ್ತ ಮೂಲಗಳಿಂದ ತಿಳಿದುಕೊಂಡಿದ್ದ. ಟೀವಿಯವರು ಗಂಡನ ಚಿತ್ರ ಬರೆಸಿ ತೋರಿಸಿದರು. ಅವನಿಗೆ ಹುರಿ ಮೀಸೆ, ಕೆಂಗಣ್ಣು. ಆಕ್ರೋಶಣ್ಣ ತನ್ನ ಬೋಳು ಮೇಲ್ದುಟಿಯನ್ನು ಸವರಿಕೊಂಡ. ನಟಿಯೂ ಬೆಳಿಗ್ಗೆಯೇ ಪರದೆಗೆ ಬಂದು, ನನ್ನ ಮಾತಿನ ಉದ್ದೇಶ ಅದಾಗಿರಲಿಲ್ಲ ಎಂದು ಕಣ್ಣೊರೆಸಿಕೊಂಡಳು.

ಮುಖ್ಯಸ್ಥರು ಕರೆಸಿ ಛೀಮಾರಿ ಹಾಕಿದರು. “ಏನ್ರೀ ಇದು? ಊರಿಗೆಲ್ಲ ಸಿಕ್ಕಿರೋ ಹೆಂಗಸು ನಿಮಗೊಬ್ಬರಿಗೆ ಸಿಗ್ಲಿಲ್ವಾ? ಮೊದಲು ಬರೆದಿದ್ದು ನಮ್ಮಲ್ಲಿ. ಆಕೆನ್ನ ನಾಳೆ ಸಂಜೆ ನಮ್ಮ ಚರ್ಚೆಗೆ ಕರ್ಕೊಂಡ್ಬನ್ನಿ.”

“ಆಕೆ ಬರೋದು ಕಷ್ಟ ಸಾರ್.”

“ಬರೋದು ಕಷ್ಟವೋ, ಇರೋದೇ ಕಷ್ಟವೋ?” ಎಂದು ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿದರು.

ಆಕ್ರೋಶಣ್ಣನಿಗೆ ಕಳೆದ ತಿಂಗಳ ಸಭೆ ನೆನಪಾಯಿತು. ಸತ್ತವನೊಬ್ಬನ ಸಂದರ್ಶನ ಮಾಡಿದ್ದ ವರದಿಗಾರನನ್ನು ಮಾಲೀಕರು ನಿಂತ ನಿಲುವಿನಲ್ಲೇ ಮನೆಗೆ ಕಳಿಸಿದ್ದರು. ಇನ್ನು ಮುಂದೆ ಯಾರು ಇಲ್ಲದವರನ್ನು ಹುಟ್ಟಿಸಿದರೂ ಅದೇ ಗತಿ ಎಂದು ಎಲ್ಲರನ್ನೂ ಸೇರಿಸಿ ಹೇಳಿದ್ದರು. ಆ ಸಭೆಯಲ್ಲಿ ಆಕ್ರೋಶಣ್ಣನೇ ಸತ್ಯದ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದ.

“ಇದಾರೆ ಸಾರ್. ಕರ್ಕೊಂಡು ಬರ್ತೀನಿ” ಎಂದ.

ಇಂಥ ಪೇಚಿನಲ್ಲಿ ಕೈ ಹಿಡಿಯಲು ಕೈ ಹಿಡಿದವಳೇ ಗತಿ. ಅದೃಷ್ಟಕ್ಕೆ ಕಚೇರಿಯಲ್ಲಿ ಯಾರೂ ಅವಳನ್ನು ನೋಡಿರಲಿಲ್ಲ. ಮನೆಯಲ್ಲಿರುವ ಹೆಂಗಸಿಗೆ ಕಚೇರಿಯ ಸಮಾರಂಭದಲ್ಲೇನು ಕೆಲಸ ಎಂದು ಅವನು ಯಾವತ್ತೂ ಕರೆದುಕೊಂಡು ಹೋದವನಲ್ಲ.

ಸಂಜೆ ಹೋದಾಗ ಅವಳು ತೊಳೆದ ಪಾತ್ರೆ ಒರೆಸಿ ಜೋಡಿಸುತ್ತಿದ್ದಳು. ಮಗಳು ಒಳಕೋಣೆಯಲ್ಲಿ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ಅವನು ಎಂದೂ ಇಲ್ಲದವನು ಒಂದು ಬಟ್ಟೆ ತೆಗೆದುಕೊಂಡು ಲೋಟ ಒರೆಸಲು ನಿಂತ. ಅವಳು ಅನುಮಾನದಿಂದ ನೋಡಿದಳು.

“ನಿನ್ನಿಂದ ಒಂದು ಉಪಕಾರ ಆಗ್ಬೇಕಿತ್ತು” ಎಂದ. “ಆ ನೊಂದ ಗೃಹಿಣಿ ಇದಾಳಲ್ಲ, ನಾಳೆ ಟೀವೀಲಿ ಅವಳ ಜಾಗದಲ್ಲಿ ನೀನು ಕೂತ್ಕೋಬೇಕು.”

“ನಾನ್ಯಾಕೆ? ಆ ಅಕ್ಕನ್ನೇ ಕರೀರಿ. ನಿಮಗೆ ಗೊತ್ತೇನ್ರೀ ಅವರು?” ಅವಳ ಮುಖ ಅರಳಿತು. “ಎಂಥಾ ಹೆಂಗಸು ಅಂತೀರಿ! ನನ್ನ ಹೊಟ್ಟೆಯೊಳಗೆ ಹೊಕ್ಕು ನೋಡಿದ ಹಾಗೆ ಬರೆದಿದಾರೆ. ನಾನೂ ಎರಡು ಮಾತು ಬರ್ದೆ. ನೀವು ನಗ್ತೀರ ಅಂತ ಹೇಳ್ಲಿಲ್ಲ.”

“ಅವಳು ಬರೋ ಹಾಗಿಲ್ಲ.”

“ಯಾಕೆ?”

“ಅವಳಿಲ್ಲ.”

“ಅಯ್ಯೋ! ಸತ್ತೋದ್ರಾ?” ಅವಳ ಕೈಲಿದ್ದ ತಟ್ಟೆ ಅಲ್ಲೇ ನಿಂತಿತು.

“ಸಾಯೋಕೆ ಎಲ್ಲಿದ್ಲು ಕಣೇ. ಅದು ಬರ್ದಿದ್ದು... ನಾನೇ.”

ಅವಳು ಮೊದಲು ನಕ್ಕಳು. ಗಂಡ ತಮಾಷೆ ಮಾಡುತ್ತಿದ್ದಾನೆಂದೇ ನಕ್ಕಳು. ಅವನು ನಗದೆ ನಿಂತಿದ್ದನ್ನು ನೋಡಿ, ತಟ್ಟೆ ಕೆಳಗಿಟ್ಟು ಮಣೆಯ ಮೇಲೆ ಕೂತಳು. ಅವನು ಮಾಲೀಕರ ಮಾತು, ಕೆಲಸದ ಭಯ, ನಾಳಿನ ಚರ್ಚೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವಳು ಅದರಲ್ಲಿ ಒಂದನ್ನಾದರೂ ಕೇಳಿಸಿಕೊಂಡ ಹಾಗಿರಲಿಲ್ಲ.

“ನನ್ನ ಕಾಲು ಊದೋದು ನಿಮಗೆ ಗೊತ್ತಿತ್ತಾ?”

“ನೋಡಿದೀನಲ್ಲ.”

“ಆರಿದ್ದು ತಿನ್ನೋದು?”

“ಅದೂ... ಕಾಣುತ್ತಲ್ಲ.”

“ನಲ್ಲಿ ಬಿಟ್ಕೊಂಡು ಅಳೋದು? ಯಾರಿಗೂ ಕೇಳಿಸ್ದೆ ಇರ್ಲಿ ಅಂತ ಪೂರ್ತಿ ತಿರುಗಿಸ್ತಿದ್ದೆ. ಅದೂ ಕೇಳಿಸ್ತಿತ್ತಾ?”

ಆಕ್ರೋಶಣ್ಣ ಒರೆಸಿದ ಲೋಟವನ್ನೇ ಮತ್ತೆ ಒರೆಸಿದ.

“ಗೊತ್ತಿಲ್ದೆ ಕೇಳ್ತಾರೆ ಅಂತ ಇಷ್ಟು ವರ್ಷ ಹೊಟ್ಟೆಗೆ ಹಾಕ್ಕೊಂಡಿದ್ದೆ” ಎಂದಳು ಅವಳು. ದನಿ ಏರಲಿಲ್ಲ. “ಗೊತ್ತಿದ್ದೇ ಕೇಳ್ತಿದ್ರಾ, ಏನ್ಮಾಡ್ದೆ ಅಂತ?”

ಊರಿನವರ ಬಾಯಿಗೆಲ್ಲ ಮಾತು ಕೊಡುವವನು ತಡಕಾಡಿ, “ನನ್ನ ಮಾತಿನ ಉದ್ದೇಶ ಅದಾಗಿರ್ಲಿಲ್ಲ” ಎಂದ.

“ಆಯಮ್ಮನೂ ಬೆಳಿಗ್ಗೆ ಟೀವೀಲಿ ಇದನ್ನೇ ಹೇಳಿದ್ಲು” ಎಂದು ಅವಳು ಎದ್ದಳು. “ಬರ್ತೀನಿ ಬಿಡಿ ನಾಳೆ. ನಿಮ್ಮ ಕೆಲಸ ಹೋದ್ರೆ ಮಗಳ ಗತಿ ಏನು?”

ಮರುದಿನ ಅವಳು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಚಪ್ಪಲಿಯ ಪಟ್ಟಿ ಸಡಿಲಿಸಿಕೊಂಡು ಕಚೇರಿಗೆ ಬಂದಳು. ಒಬ್ಬಳು ಬಂದು ಮುಖಕ್ಕೆ ಪೌಡರ್ ಹಚ್ಚಿ, “ಅಮ್ಮ, ಅಳೋವಾಗ ಕ್ಯಾಮೆರಾ ಕಡೆ ನೋಡಿ” ಎಂದು ಹೇಳಿಕೊಟ್ಟಳು. ಅವಳು ತಲೆಯಾಡಿಸಿದಳು. ಅವಳು ಅಲ್ಲಿ ಕೂತು ಏನು ಹೇಳುತ್ತಾಳೋ ಎಂದು ಆಕ್ರೋಶಣ್ಣ ಬೆಳಗಿನಿಂದ ಲೆಕ್ಕ ಹಾಕುತ್ತಿದ್ದ. ಸುಳ್ಳು ಹೇಳಿದರೆ ಕೆಲಸ ಉಳಿಯುತ್ತದೆ, ನಿಜ ಹೇಳಿದರೆ ಹೋಗುತ್ತದೆ. ಆದರೆ ಯಾವುದು ಸುಳ್ಳು, ಯಾವುದು ನಿಜ ಎಂದು ಈಗ ವಿಂಗಡಿಸಲು ಅವನಿಗೇ ಬರುತ್ತಿರಲಿಲ್ಲ.

ಅಷ್ಟರಲ್ಲಿ ಮುಖ್ಯಸ್ಥರು ಗಾಜಿನ ಕೋಣೆಯಿಂದ ಓಡಿಬಂದರು. ಯಾರೋ ಪ್ರಸಿದ್ಧ ಆಟಗಾರ ಲಾರಿ ಚಾಲಕರ ಬಗ್ಗೆ ನಾಲಿಗೆ ಹರಿಯಬಿಟ್ಟಿದ್ದನಂತೆ. “ಹೆಂಗಸರು ಬೇಡ, ಈಗ ಡ್ರೈವರ್‌ಗಳು!” ಎಂದರು. ನೊಂದ ಗೃಹಿಣಿಯ ಕಡೆ ಕೈ ಮುಗಿದು, “ಇನ್ನೊಂದ್ಸಲ ಕರೀತೀವಿ ಕಣಮ್ಮ, ಟೀ ಕುಡಿದು ಹೋಗಿ” ಎಂದು ಹೊರಟೇಹೋದರು. ಅವಳು ಯಾರು, ಇದ್ದಾಳೋ ಇಲ್ಲವೋ ಎಂದು ಕೇಳುವ ಪುರುಸೊತ್ತು ಈಗ ಯಾರಿಗೂ ಇರಲಿಲ್ಲ.

ಕೆಲಸ ಉಳಿಯಿತು. ಆಕ್ರೋಶಣ್ಣ ಅವಳನ್ನು ಗೇಟಿನ ತನಕ ಬಿಡಲು ಹೋದ. “ಒಳ್ಳೇದೇ ಆಯ್ತು” ಎಂದ. ಅವಳು ಕರವಸ್ತ್ರದಲ್ಲಿ ಮುಖದ ಪೌಡರ್ ಒರೆಸಿಕೊಂಡು, ಬಂದ ಬಸ್ಸು ಹತ್ತಿದಳು.

ಅವನು ಮೇಲೆ ಬಂದು ಕುರ್ಚಿಯಲ್ಲಿ ಕೂತ. ‘ನೊಂದ ಚಾಲಕ’ನೊಬ್ಬ ಈಗಿಂದೀಗಲೇ ಹುಟ್ಟಬೇಕಿತ್ತು. ಆದರೆ ಗಣಕದಲ್ಲಿ ಇನ್ನೂ ನೊಂದ ಗೃಹಿಣಿಯ ಖಾತೆಯೇ ತೆರೆದಿತ್ತು. ಅದಕ್ಕೆ ಒಂದು ಸಂದೇಶ ಬಂದು ಬಿದ್ದಿತು, ಪಕ್ಕದಲ್ಲಿ ಒಡೆದ ಬಟ್ಟಲಿನ ಗಿಡ.

“ಅಕ್ಕಾ, ನೀವು ಇಲ್ಲ ಅಂತ ಗೊತ್ತಾಯ್ತು. ಆದ್ರೂ ನೀವಿದ್ದ ಒಂದು ದಿನ ತುಂಬಾ ಚೆನ್ನಾಗಿತ್ತು.”

ಅವನು ‘ನಾನಿದ್ದೀನಿ’ ಎಂದು ಬರೆದ. ಅಳಿಸಿದ. ‘ತಪ್ಪಾಯ್ತು’ ಎಂದು ಬರೆದ. ಮೇಲುಗಡೆ ಬರೆದವರ ಹೆಸರಿನ ಜಾಗದಲ್ಲಿ ನೊಂದ ಗೃಹಿಣಿ ಎಂದೇ ಇತ್ತು. ಅದನ್ನೂ ಅಳಿಸಿದ.

“ಆಕ್ರೋಶಣ್ಣ, ಎಲ್ಲಿಗೆ ಬಂತು?” ಎಂದು ಗಾಜಿನ ಕೋಣೆಯಿಂದ ಕೂಗು ಬಂತು.

“ಬರೀತಿದೀನಿ ಸಾರ್” ಎಂದ. ಪರದೆ ಖಾಲಿಯಿತ್ತು.