ಅರ್ಧ ಬಯಲು

ಈ ದೇಶದಲ್ಲಿ ಸುಮ್ಮನೆ ನಿಲ್ಲುವುದು ಬಹಳ ಕಷ್ಟದ ಕೆಲಸ. ನಡೆಯಬಹುದು, ಓಡಬಹುದು, ನಾಯಿಯ ಹಗ್ಗ ಹಿಡಿದು ನಾಯಿಯ ಮರ್ಜಿಗೆ ತಕ್ಕಂತೆ ನಿಲ್ಲಲೂಬಹುದು. ಆದರೆ ನಾಯಿಯೂ ಇಲ್ಲದ, ಕಾರಣವೂ ಇಲ್ಲದ ಮನುಷ್ಯನೊಬ್ಬ ಕೈ ಹಿಂದೆ ಕಟ್ಟಿಕೊಂಡು ಫುಟ್‌ಪಾತಿನ ಮೇಲೆ ಸ್ವಲ್ಪ ಹೊತ್ತು ನಿಂತನೆಂದರೆ, ಯಾರಾದರೂ ಸಜ್ಜನರು ಹತ್ತಿರ ಬಂದು 'ಆರ್ ಯು ಓಕೆ?' ಎಂದು ಕೇಳಿಯೇ ತೀರುತ್ತಾರೆ. ನಾನು ಹುಟ್ಟಿ ಬೆಳೆದ ಧಾರವಾಡದಲ್ಲಿ ಹಾಗಲ್ಲ. ಅಲ್ಲಿ ಸುಮ್ಮನೆ ನಿಲ್ಲುವುದು ಹೆಚ್ಚುಕಡಿಮೆ ನಾಗರಿಕ ಕರ್ತವ್ಯ. ನಿಂತವನನ್ನು ಕಂಡರೆ ಇನ್ನೊಬ್ಬ ಬಂದು ಪಕ್ಕದಲ್ಲಿ ನಿಲ್ಲುತ್ತಾನೆಯೇ ಹೊರತು ಆರೋಗ್ಯ ವಿಚಾರಿಸುವುದಿಲ್ಲ. ಹೀಗೆ ನಿಲ್ಲುವುದಕ್ಕೆ, ಕೂಡುವುದಕ್ಕೆ ಒಂದು ಬಯಲು ಬೇಕು, ಅಷ್ಟೆ.

ಇಲ್ಲಿ, ವಿಮಾನ ನಿಲ್ದಾಣದ ಪಕ್ಕದ ಊರಾದ ಮಾಲ್ಟನ್ನಿನಲ್ಲಿ, ನಮ್ಮ ಬೀದಿಯ ಹಿಂದೆ ಅಂಥದ್ದೊಂದು ಬಯಲಿತ್ತು. ಯಾವುದೋ ಕಾಲದಲ್ಲಿ ಶಾಲೆಗೆಂದು ತೆಗೆದಿರಿಸಿ, ಶಾಲೆಯನ್ನು ಮರೆತು, ಆಮೇಲೆ ಹುಲ್ಲನ್ನೂ ಮರೆತ ನಗರಸಭೆಯ ಜಾಗ. ವಿಮಾನಗಳು ಅದರ ನೆತ್ತಿಯ ಮೇಲೆಯೇ ಹಾಯುತ್ತವೆ. ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುವುದು ಇಲ್ಲಿಯವರಿಗೆಲ್ಲ ರೂಢಿ. ನಮ್ಮೂರಿನ ಸಂಭಾಷಣೆಗೆ ಅಲ್ಪವಿರಾಮ ಹಾಕುವವರು ಪೈಲಟ್ಟುಗಳು.

ಅಪ್ಪ ತೀರಿಕೊಂಡ ಮರುವರ್ಷ ಅವ್ವನನ್ನು ಇಲ್ಲಿಗೆ ಕರೆತಂದೆ. ಒಂದು ಕಾಲದಲ್ಲಿ ಕಾಲೇಜಿನಲ್ಲಿ ಅಲಂಕಾರಶಾಸ್ತ್ರ ಬೋಧಿಸಿದ ಈ ಮಹಾಶಯ, ಎಂದರೆ ನಾನೇ, ಈಗ ವಿಮಾನ ನಿಲ್ದಾಣದ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾನೆ. ಹೆಂಡತಿ ಗಿರಿಜಾ ಬೇಕರಿಯ ಶಿಫ್ಟಿಗೆ ಹೋಗುತ್ತಾಳೆ. ಮಗಳು ಅಜ್ಜಿಯ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಕೋಣೆ ಸೇರುತ್ತಾಳೆ. ಅವ್ವನಿಗೆ ಕಾರು ಓಡಿಸಲು ಬಾರದು, ಬಸ್ಸಿನ ಬೋರ್ಡು ಓದಲು ಬಾರದು. ಯಾರ ಹಂಗೂ ಇಲ್ಲದೆ ತನ್ನ ಕಾಲ ಮೇಲೆ ತಾನು ಹೋಗಬಹುದಾದ ಜಾಗವೆಂದರೆ ಆ ಬಯಲೊಂದೇ. ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ಟು ಹಾಕಿಕೊಂಡು ದಿನಾ ಸಂಜೆ ಅಲ್ಲಿಗೆ ಹೊರಟುಬಿಡುತ್ತಿದ್ದಳು.

ಅಲ್ಲಿ ಅವಳಿಗೊಬ್ಬ ಗೆಳತಿಯೂ ದೊರೆತಳು. ಮೂಲೆಮನೆಯ ಗುರ್ಮೀತ್ ಆಂಟಿ, ಪಂಜಾಬಿನವರು, ಅವ್ವನ ಓರಗೆಯವರು. ಅವರಿಗೆ ಕನ್ನಡ ಬಾರದು, ಇವಳಿಗೆ ಪಂಜಾಬಿ ಬಾರದು. ಉರುಳಿಬಿದ್ದ ಮರದ ದಿಮ್ಮಿಯೊಂದರ ಮೇಲೆ ಇಬ್ಬರೂ ಕತ್ತಲಾಗುವವರೆಗೆ ಕೂತಿರುತ್ತಿದ್ದರು.

"ಏನ್ ಮಾತಾಡ್ತೀಯವ್ವಾ ಆಕಿ ಕೂಡ?" ಎಂದು ನಾನೊಮ್ಮೆ ಕೇಳಿದೆ.

"ಆಕಿ ಆಕಿದು ಹೇಳ್ತಾಳ, ನಾ ನಂದು ಹೇಳ್ತೀನಿ. ತಿಳ್ಯಾಕ ಏನೈತೊ ಅದರಾಗ?" ಎಂದಳು.

ಹೀಗಿರಲು ಒಂದು ವಸಂತದಲ್ಲಿ, ಹಿಮ ಕರಗಿದ ಕೆಸರಿನಲ್ಲಿ, ಬಯಲಿನ ಅಂಚಿಗೆ ದೊಡ್ಡದೊಂದು ಬೋರ್ಡು ಎದ್ದು ನಿಂತಿತು. ಜಾಗವನ್ನು ಮಾರಿ ಸಾಲುಮನೆಗಳನ್ನು ಕಟ್ಟುವ ಪ್ರಸ್ತಾವ, ಆಕ್ಷೇಪಣೆಯಿದ್ದವರು ತಿಳಿಸತಕ್ಕದ್ದು. ಅವ್ವ ನನ್ನಿಂದ ಅದನ್ನು ಎರಡು ಸಲ ಓದಿಸಿಕೊಂಡಳು. ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಬಯಲು ಹೋತಂದ್ರ ನನ್ನೂ ಊರಿಗೆ ಕಳಿಸಿಬಿಡಪಾ. ನಿಮ್ಮ ಮನಿ ಛಲೋ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಮನಿಯೊಳಗ ಎಷ್ಟಂತ ಕುಂದ್ರೂದು?" ಎಂದಳು. ಅವ್ವ ಹೆದರಿಸುವ ಜಾತಿಯವಳಲ್ಲ, ಹೇಳಿದರೆ ಮಾಡುವವಳು.

ಗಡಿಯಾಚೆಯ ಅಮೆರಿಕದಲ್ಲಿ ಕೆಲವು ಕಡೆ ಜನರೇ ಸಹಿ ಕೂಡಿಸಿ ಇಂಥ ಪ್ರಶ್ನೆಯನ್ನು ನೇರವಾಗಿ ಮತದಾನಕ್ಕೆ ಹಾಕಬಹುದಂತೆ. ನಮ್ಮ ಬತ್ತಳಿಕೆಯಲ್ಲಿ ಆ ಬ್ರಹ್ಮಾಸ್ತ್ರವಿಲ್ಲ; ಸಹಿ ಕೂಡಿಸಿ, ಈ ಜಾಗವನ್ನು ಶಾಶ್ವತ ಬಯಲೆಂದು ಸಾರಿರಿ ಎಂದು ನಗರಸಭೆಯ ಕೌನ್ಸಿಲಿನ ಮುಂದೆ ಕೈಮುಗಿಯಬಹುದು, ಅಷ್ಟೆ. ಈ ಕೆಲಸಕ್ಕೆ ಮುಂದಾದವರು ನಮ್ಮ ಎದುರು ಮನೆಯ ಮಾರ್ಗರೆಟ್, ನಿವೃತ್ತ ಶಿಕ್ಷಕಿ. ಅವರ ಮನವಿಯ ಜೀವಾಳ ಒಂದು ಗಿಡ. ಮುರಿದರೆ ಹಾಲು ಸುರಿಸುವ ಆ ಮಿಲ್ಕ್‌ವೀಡ್ ಬಯಲಿನ ತುಂಬ ಬೆಳೆದಿತ್ತು. ಮೊನಾರ್ಕ್ ಚಿಟ್ಟೆಯ ಮರಿಗಳಿಗೆ ಅದರ ಎಲೆಯ ಹೊರತು ಬೇರೆ ಆಹಾರವಿಲ್ಲ. ಆದ್ದರಿಂದ ಗಿಡ ಉಳಿಯಬೇಕು, ಗಿಡಕ್ಕಾಗಿ ಬಯಲು ಉಳಿಯಬೇಕು. ಸಹಿಗಾಗಿ ನಾನೂ ಅವರೊಡನೆ ಮನೆ ಮನೆ ತಿರುಗಿದೆ. ನಮ್ಮವರ ಮನೆಗಳಲ್ಲಿ ಚಹಾ ಕುಡಿಯದೆ ಸಹಿ ಸಿಗುವುದುಂಟೇ? ಪ್ರಜಾಪ್ರಭುತ್ವಕ್ಕೆ ಇಷ್ಟೊಂದು ಸಕ್ಕರೆ ಬೇಕೇ ಎಂದು ಮಾರ್ಗರೆಟ್ ನಿಟ್ಟುಸಿರುಬಿಟ್ಟರು.

ಕೊನೆಗೆ ಒಂದು ಶನಿವಾರ ನಗರಸಭೆಯ ಅಧಿಕಾರಿಯೊಬ್ಬರು ಜಾಗ ನೋಡಲು ಬರುತ್ತಾರೆಂದು ಸುದ್ದಿ ಬಂತು. ಸುದ್ದಿ ನಮ್ಮ ಮನೆಯಿಂದ ಗುರ್ಮೀತ್ ಆಂಟಿಯ ಮನೆಗೂ, ಅಲ್ಲಿಂದ ಇಡೀ ಬೀದಿಗೂ ಹಬ್ಬಿತು. ಇನ್ನು ಮುಂದಿನದನ್ನು, ಓದುಗ ಮಹಾಶಯರೇ, ನೀವು ನಮ್ಮವರಾದರೆ ಊಹಿಸಬಲ್ಲಿರಿ. ದೊಡ್ಡವರೊಬ್ಬರು ನೋಡಲು ಬರುತ್ತಾರೆಂದರೆ ನಮ್ಮ ಹೆಣ್ಣುಮಕ್ಕಳು ಅಂಗಳವನ್ನು ಇದ್ದಂತೆ ಬಿಡುತ್ತಾರೆಯೇ? "ಕಸಾ ಹಿಂಗ ಬೆಳದಿದ್ರ ನೋಡಿದವ್ರು ಏನಂದಾರು!" ಎಂದು ಅವ್ವ ಸೆರಗು ಸಿಕ್ಕಿಸಿದಳು. ಅವಳ ಹಿಂದೆ ಗುರ್ಮೀತ್ ಆಂಟಿಯ ಸೊಸೆಯರು, ಗಿರಿಜಾ, ಹುಲ್ಲು ಕತ್ತರಿಸುವ ಯಂತ್ರ ತಳ್ಳುತ್ತ ನಾನು. ನನ್ನ ಮೈಮೇಲೆ ಅಂದು ಎಂಥ ಭೂತ ಬಂದಿತ್ತೋ, ಏನು ಕೀಳುತ್ತಿದ್ದಾರೆಂದು ಒಮ್ಮೆಯೂ ಬಗ್ಗಿ ನೋಡಲಿಲ್ಲ. ಮಾರ್ಗರೆಟ್ ಅಧಿಕಾರಿಯನ್ನು ಕರೆದುಕೊಂಡು ಬರುವ ಹೊತ್ತಿಗೆ ಬಯಲು ಕ್ಷೌರ ಮಾಡಿಸಿಕೊಂಡ ಮದುಮಗನಂತೆ ಹೊಳೆಯುತ್ತಿತ್ತು. ನಡುವೆ ಅವ್ವನ ರಂಗೋಲಿ, ಪಕ್ಕದಲ್ಲಿ ಕುರ್ಚಿಗಳು, ಒಂದು ತಟ್ಟೆ ಸಮೋಸ. ಮಿಲ್ಕ್‌ವೀಡ್ ಎಲ್ಲವೂ ಕಪ್ಪು ಚೀಲಗಳಲ್ಲಿ ಬಾಯಿ ಕಟ್ಟಿಸಿಕೊಂಡು ಸಾಲಾಗಿ ಕೂತಿತ್ತು.

ಮಾರ್ಗರೆಟ್ ಎರಡೂ ಕೈಗಳಿಂದ ತಲೆ ಹಿಡಿದುಕೊಂಡರು. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು; ಚೀಲಗಳನ್ನು ನೋಡಿ, ರಂಗೋಲಿಯನ್ನು ನೋಡಿ, ನಗು ತಡೆದುಕೊಂಡು, ಅವ್ವನಿಗೆ ಈ ಜಾಗ ಏಕೆ ಬೇಕೆಂದು ನನ್ನ ಮೂಲಕ ಕೇಳಿದಳು. ಅವ್ವ ಒಂದು ವಿಮಾನ ದಾಟುವವರೆಗೂ ದಿಮ್ಮಿಯ ಕಡೆ ನೋಡಿದಳು. "ಗಾಳಿ ಛಲೋ ಐತಿ, ಮೊಣಕಾಲು ಹಗರಾಗ್ಯಾವ ಅಂತ ಹೇಳು," ಎಂದಳು. ನಾನು ಅದನ್ನು ಸಾಮುದಾಯಿಕ ಆರೋಗ್ಯ, ಹಿರಿಯರ ಸ್ವಾವಲಂಬನೆ ಇತ್ಯಾದಿಯಾಗಿ ಅನುವಾದಿಸಿದೆ. ಕೌನ್ಸಿಲಿನ ಮುಂದೆಯೂ ಅದನ್ನೇ, ಇನ್ನಷ್ಟು ಅಲಂಕರಿಸಿ, ಕೊಟ್ಟ ಸಮಯ ಮೀರುವವರೆಗೆ ಒದರಿದೆ. ಮಿಲ್ಕ್‌ವೀಡಿನ ಬೇರು ಆಳದಲ್ಲಿರುತ್ತದೆ, ಮತ್ತೆ ಚಿಗುರುತ್ತದೆ ಎಂದು ಮಾರ್ಗರೆಟ್ ಪುಣ್ಯಕ್ಕೆ ಸಮರ್ಥಿಸಿಕೊಂಡರು.

ತೀರ್ಪು ಇತ್ತ ಹಾವೂ ಸಾಯದಂತೆ, ಅತ್ತ ಕೋಲೂ ಮುರಿಯದಂತೆ ಬಂತು: ರಸ್ತೆಯ ಕಡೆಯ ಅರ್ಧದಲ್ಲಿ ಮನೆಗಳು, ಹಿಂದಿನ ಅರ್ಧ ಶಾಶ್ವತ ಬಯಲು. ದಿಮ್ಮಿಯಿದ್ದದ್ದು ಹಿಂದಿನ ಅರ್ಧದಲ್ಲಿ. ನಾನು ಗೆದ್ದವನಂತೆ ಬೀಗುತ್ತ ಬಂದು ಅವ್ವನಿಗೆ ಹೇಳಿದೆ. ಅವಳು ಬೆರಳು ಮಡಿಸಿ ಲೆಕ್ಕ ಹಾಕಿ, "ಹಂಗಾರ ನಾನೂ ಅರ್ಧಾ ವರ್ಷ ಇಲ್ಲಿರ್ತೀನಿ, ಅರ್ಧಾ ವರ್ಷ ಊರಾಗ ಇರ್ತೀನಿ," ಎಂದಳು. ನಾನು ನಕ್ಕೆ, ಗಿರಿಜಾಳೂ ನಕ್ಕಳು, ಅವ್ವ ನಗಲಿಲ್ಲ. ಮರದ ಎಲೆ ಉದುರುವ ಹೊತ್ತಿಗೆ ಅವಳ ಟಿಕೆಟ್ಟು ಮಾಡಿಸಿದೆ. ಇಷ್ಟೆಲ್ಲ ಹೋರಾಡಿ ನನಗೆ ಸಿಕ್ಕಿದ್ದು ಅರ್ಧ ಅವ್ವ.

ಅವಳನ್ನು ವಿಮಾನ ಹತ್ತಿಸಿದ ಮರುದಿನ ಸಂಜೆ ಕಾಲುಗಳು ತಾವಾಗಿ ಬಯಲಿನ ಕಡೆ ನಡೆದವು. ದಿಮ್ಮಿಯ ಮೇಲೆ ಗುರ್ಮೀತ್ ಆಂಟಿ ಒಬ್ಬರೇ ಕೂತಿದ್ದರು. ಸರಿದು ಜಾಗ ಮಾಡಿಕೊಟ್ಟರು. ಅವರ ಹಿಂದಿ, ನನ್ನ ಹಿಂದಿ, ಎರಡೂ ಕುಂಟುವವೇ. ಆದರೂ ಒಂದರ ಹೆಗಲ ಮೇಲೆ ಒಂದು ಕೈಹಾಕಿ ನಡೆದವು. ಅವ್ವ ಮತ್ತೆ ಯಾವಾಗ ಬರುತ್ತಾಳೆಂದು ಕೇಳಿದರು. ವಸಂತಕ್ಕೆ ಎಂದೆ. ಇಲ್ಲಿಯ ಗಾಳಿ ಅವಳಿಗೆ ಬಹಳ ಹಿಡಿಸಿತ್ತು ಎಂದೂ, ಕೌನ್ಸಿಲಿನ ಮುಂದಿನ ನನ್ನ ಭಾಷಣದ ಧಾಟಿಯಲ್ಲಿಯೇ, ಸೇರಿಸಿದೆ.

ಅವರು ನನ್ನ ಮುಖವನ್ನೇ ನೋಡಿದರು. "ಗಾಳಿಯಲ್ಲ ಬೇಟಾ. ನಿನ್ನ ಅಮ್ಮ ದಿನಾ ಇಲ್ಲಿ ಬಂದು ಅಳುತ್ತಿದ್ದಳು. ನಾನೂ ಅಳುತ್ತಿದ್ದೆ. ಅವಳು ಅವಳ ಯಜಮಾನರಿಗಾಗಿ, ನಾನು ನನ್ನವರಿಗಾಗಿ. ಆಮೇಲೆ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದೆವು. ಮನೆಯಲ್ಲಿ ನೀವೆಲ್ಲ ದಣಿದು ಬಂದಿರುತ್ತೀರಿ. ಅಲ್ಲಿ ಅಳುವುದಕ್ಕೆ ಜಾಗ ಎಲ್ಲಿದೆ?"

ನೆತ್ತಿಯ ಮೇಲೆ ವಿಮಾನವೊಂದು ಹಾಯಿತು. ಅದು ಹೋದ ಮೇಲೆ ಇಬ್ಬರೂ ಮಾತು ಮುಂದುವರಿಸಲಿಲ್ಲ. ಆಂಟಿ ನನ್ನ ಬೆನ್ನಿನ ಮೇಲೆ ಕೈಯಿಟ್ಟು, ಮುಖವನ್ನು ಆಚೆ ತಿರುಗಿಸಿಕೊಂಡರು. ಅಂದು ಆ ಜಾಗ ನನಗೂ ಬೇಕಾಯಿತು.